ಗೂಗಲ್ 62 ಎನ್ನುತ್ತದೆ, ಮೆಟಾ 71 ಎನ್ನುತ್ತದೆ, ಪುಸ್ತಕದಲ್ಲಿರುವುದು 95: ಡ್ಯಾಶ್‌ಬೋರ್ಡ್ ಮಾಡಿಸಿದರೆ ತಾಳೆಯಾಗುತ್ತದೆಯೇ?

ಪ್ರಶ್ನೆ: ನಮ್ಮದು ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ವ್ಯಾಪಾರ. ಗೂಗಲ್ ಆಡ್ಸ್ ಮತ್ತು ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್) ಎರಡರಲ್ಲೂ ಜಾಹೀರಾತು ಕೊಡುತ್ತೇವೆ. ಕಳೆದ ತಿಂಗಳು 62 ಆರ್ಡರ್ ತನ್ನಿಂದ ಬಂತೆಂದು ಗೂಗಲ್ ತೋರಿಸುತ್ತದೆ, 71 ತನ್ನಿಂದ ಬಂತೆಂದು ಮೆಟಾ ತೋರಿಸುತ್ತದೆ. ನಮ್ಮ ಆರ್ಡರ್ ಪುಸ್ತಕದಲ್ಲಿ ಇರುವುದೇ ಒಟ್ಟು 95. ಎಲ್ಲವನ್ನೂ ಒಂದೇ ಪರದೆಗೆ ತರುವ ಡ್ಯಾಶ್‌ಬೋರ್ಡ್ ಮಾಡಿಸಿದರೆ ಈ ಲೆಕ್ಕ ತಾಳೆಯಾಗುತ್ತದೆಯೇ?

ಉತ್ತರ: ತಾಳೆಯಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ತಾಳೆಯಾಗುತ್ತದೆಂಬ ನಂಬಿಕೆಯಿಂದ ಹಣ ಕೊಟ್ಟು ಮಾಡಿಸಿದ ಡ್ಯಾಶ್‌ಬೋರ್ಡ್, ತಾಳೆಯಾಗದೆಂದು ಗೊತ್ತಾದ ಮರುದಿನದಿಂದ ಯಾರೂ ತೆರೆಯದ ಪುಟವಾಗುತ್ತದೆ. ನಿಮ್ಮ ಆರ್ಡರ್ ಪುಸ್ತಕವನ್ನು ಬೆನ್ನೆಲುಬಾಗಿ ಇಟ್ಟುಕೊಂಡು, ಗೂಗಲ್ ಮತ್ತು ಮೆಟಾ ಹೇಳುವುದನ್ನು ಅದರ ಪಕ್ಕದಲ್ಲಿ ಬೇರೆಬೇರೆಯಾಗಿ ತೋರಿಸುವ ಡ್ಯಾಶ್‌ಬೋರ್ಡ್ ಕಟ್ಟಿಕೊಂಡರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

62 ಮತ್ತು 71 ಕೂಡಿದರೆ 133 ಆಗುವುದು ಯಾರೋ ಸುಳ್ಳು ಹೇಳುತ್ತಿರುವುದರಿಂದಲ್ಲ. ಒಬ್ಬ ಗ್ರಾಹಕಿ ಸೋಮವಾರ ಇನ್‌ಸ್ಟಾಗ್ರಾಮ್‌ನಲ್ಲಿ ನಿಮ್ಮ ಜಾಹೀರಾತು ಒತ್ತಿ ಸೀರೆ ನೋಡಿ ಹೋಗುತ್ತಾರೆ, ಗುರುವಾರ ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿ, ಮೇಲೆ ಕಂಡ ಜಾಹೀರಾತನ್ನೇ ಒತ್ತಿ ಕೊಳ್ಳುತ್ತಾರೆ. ಮೆಟಾದ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಕ್ಲಿಕ್ ಆದ 7 ದಿನದೊಳಗೆ ಅಥವಾ ಜಾಹೀರಾತು ಬರೀ ಕಣ್ಣಿಗೆ ಬಿದ್ದ 1 ದಿನದೊಳಗೆ ಆದ ಖರೀದಿ ಅದರ ಲೆಕ್ಕಕ್ಕೆ ಸೇರುತ್ತದೆ. ಗೂಗಲ್ ಆಡ್ಸ್‌ನಲ್ಲಿ ಬದಲಾಯಿಸದೇ ಬಿಟ್ಟರೆ ಕ್ಲಿಕ್ ಆದ 30 ದಿನಗಳವರೆಗೆ ಅವಕಾಶವಿದೆ. ಹೀಗಾಗಿ ಒಂದೇ ಸೀರೆ ಎರಡೂ ಕಡೆ ದಾಖಲಾಗುತ್ತದೆ, ಮತ್ತು ಇನ್ನೊಂದರ ಲೆಕ್ಕವನ್ನು ನೋಡುವ ಸೌಲಭ್ಯ ಎರಡಕ್ಕೂ ಇಲ್ಲ.

ಸಂಖ್ಯೆಗಿಂತ ಹೆಚ್ಚು ಗೊಂದಲ ಹುಟ್ಟಿಸುವುದು ತಾರೀಖು. ಗೂಗಲ್ ಆಡ್ಸ್‌ನ ಕನ್ವರ್ಶನ್ (ಜಾಹೀರಾತಿನಿಂದ ಆದ ಖರೀದಿ) ಕಾಲಂ ಆರ್ಡರ್ ಬಂದ ದಿನವನ್ನಲ್ಲ, ಕ್ಲಿಕ್ ಆದ ದಿನವನ್ನು ಹಿಡಿಯುತ್ತದೆ. ಸೆಪ್ಟೆಂಬರ್ 28ರಂದು ಒತ್ತಿ ಅಕ್ಟೋಬರ್ 4ರಂದು ಕೊಂಡರೆ ಆ ಆರ್ಡರ್ ಸೆಪ್ಟೆಂಬರ್‌ಗೆ ಹೋಗಿ ಕೂರುತ್ತದೆ. ಆದ್ದರಿಂದ ಅಕ್ಟೋಬರ್ 1ರಂದು ತೆಗೆದ ಸೆಪ್ಟೆಂಬರ್ ವರದಿಗೂ 15ರಂದು ತೆಗೆದ ಅದೇ ಸೆಪ್ಟೆಂಬರ್ ವರದಿಗೂ ವ್ಯತ್ಯಾಸವಿರುತ್ತದೆ, ಮತ್ತು ಕಳೆದ ನಾಲ್ಕಾರು ದಿನಗಳ ಫಲಿತಾಂಶ ಯಾವಾಗಲೂ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಿ ಚೆನ್ನಾಗಿ ನಡೆಯುತ್ತಿದ್ದ ಕ್ಯಾಂಪೇನ್ ನಿಲ್ಲಿಸಿದವರು ಕಡಿಮೆಯಿಲ್ಲ. ಕನ್ವರ್ಶನ್ ಆದ ದಿನವನ್ನೇ ಹಿಡಿಯುವ ಕಾಲಂಗಳು ಗೂಗಲ್‌ನಲ್ಲಿ ಪ್ರತ್ಯೇಕವಾಗಿವೆ. ಆರ್ಡರ್ ಪುಸ್ತಕದ ಪಕ್ಕದಲ್ಲಿ ಇಡಬೇಕಾದದ್ದು ಅವುಗಳನ್ನು. ಕ್ಲಿಕ್ಕಿಗೂ ಖರೀದಿಗೂ ನಿಮ್ಮ ಗ್ರಾಹಕರು ಎಷ್ಟು ದಿನ ತೆಗೆದುಕೊಳ್ಳುತ್ತಾರೆಂಬುದನ್ನೂ ಅಲ್ಲಿಯೇ ವಿಂಗಡಿಸಿ ನೋಡಬಹುದು. ಹೆಚ್ಚಿನವರು ಐದು ದಿನದೊಳಗೆ ಕೊಳ್ಳುತ್ತಾರೆಂದು ಕಂಡರೆ, ಡ್ಯಾಶ್‌ಬೋರ್ಡ್‌ನ ಕೊನೆಯ ಐದು ದಿನಗಳನ್ನು ಮಸುಕು ಬಣ್ಣದಲ್ಲಿ ತೋರಿಸಿ, ‘ಲೆಕ್ಕ ಇನ್ನೂ ಮುಗಿದಿಲ್ಲ’ ಎಂದು ಬರೆದುಬಿಡಿ.

ಇನ್ನು ಹಣದ ವಿಷಯ. ಪ್ರಶ್ನೆಯ ನಿಜವಾದ ತಿರುಳು ಇರುವುದು ಇಲ್ಲಿ. ತಿಂಗಳ ಜಾಹೀರಾತು ಖರ್ಚು 57,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡೂ ಕಂಪನಿಗಳು ಹೇಳುವ 133ರಿಂದ ಭಾಗಿಸಿದರೆ ಒಂದು ಆರ್ಡರ್‌ಗೆ ಸುಮಾರು 429 ರೂಪಾಯಿ ಬೀಳುತ್ತದೆ. ಪುಸ್ತಕದಲ್ಲಿರುವ 95ರಿಂದ ಭಾಗಿಸಿದರೆ 600 ರೂಪಾಯಿ. ಆ 95ರಲ್ಲಿ ಕ್ಯಾಶ್ ಆನ್ ಡೆಲಿವರಿಯ 19 ಪಾರ್ಸಲ್‌ಗಳು ಮನೆಬಾಗಿಲಿನಿಂದ ವಾಪಸು ಬಂದಿದ್ದರೆ, ಉಳಿದ 76ಕ್ಕೆ ತಲಾ 750 ರೂಪಾಯಿ. ಖಾತೆಯ ಖರ್ಚಿನ ಕಾಲಂನಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆಯುವವರಿಗೆ ಅದು ಹೊರೆಯಲ್ಲ, ಪಡೆಯದವರಿಗೆ ಶೇ 18 ಸೇರಿಸಿದ ಮೇಲೆ ಒಟ್ಟು 67,260 ರೂಪಾಯಿಯಾಗಿ, ತಲುಪಿದ ಒಂದೊಂದು ಸೀರೆಗೂ 885 ರೂಪಾಯಿ ಬೀಳುತ್ತದೆ. ಜಾಹೀರಾತಿನ ಖರ್ಚು ಕಳೆಯುವ ಮೊದಲು ಸೀರೆಯೊಂದಕ್ಕೆ ನಿಮಗೆ 700 ರೂಪಾಯಿ ಉಳಿಯುವುದಾದರೆ, ಮೊದಲ ಎರಡು ಲೆಕ್ಕಗಳಲ್ಲಿ ವ್ಯಾಪಾರ ಲಾಭದಲ್ಲಿದೆ, ಕೊನೆಯ ಎರಡರಲ್ಲಿ ಕೈಯಿಂದ ಹೋಗುತ್ತಿದೆ. ಹಳೆಯ ಗ್ರಾಹಕರು ವಾಟ್ಸ್ಆ್ಯಪ್‌ನಲ್ಲಿ ತಾವಾಗಿಯೇ ಕೇಳಿ ಕೊಂಡ ಸೀರೆಗಳೂ ಆ 76ರಲ್ಲಿ ಸೇರಿರುವುದರಿಂದ, ಜಾಹೀರಾತಿನಿಂದ ಮಾತ್ರ ಬಂದ ಆರ್ಡರ್‌ನ ಖರ್ಚು ಇನ್ನೂ ಹೆಚ್ಚೇ ಹೊರತು ಕಡಿಮೆಯಲ್ಲ.

ಆದಕಾರಣ ಪರದೆಯ ಮೇಲಿನ ಮೊದಲ ಸಾಲಿನಲ್ಲಿ ಮೂರೇ ಅಂಕಿಗಳಿರಲಿ: ಒಟ್ಟು ಜಾಹೀರಾತು ಖರ್ಚು, ತಲುಪಿದ ಆರ್ಡರ್‌ಗಳು, ತಲುಪಿದ ಆರ್ಡರ್‌ಗೆ ಬಿದ್ದ ಖರ್ಚು. ಅದರ ಕೆಳಗೆ ‘ಗೂಗಲ್ ಹೇಳುವಂತೆ’, ‘ಮೆಟಾ ಹೇಳುವಂತೆ’ ಎಂಬ ತಲೆಬರಹದಡಿ ಅವರವರ ಅಂಕಿಗಳಿರಲಿ. ಆ ಅಂಕಿಗಳು ನಿಷ್ಪ್ರಯೋಜಕವೇನಲ್ಲ. ಒಂದೇ ಖಾತೆಯೊಳಗಿನ ಎರಡು ಕ್ಯಾಂಪೇನ್‌ಗಳಲ್ಲಿ ಯಾವುದು ಮೇಲು ಎಂದು ಹೋಲಿಸಲು ಅವು ಸಾಕಷ್ಟು ಚೆನ್ನಾಗಿಯೇ ನೆರವಾಗುತ್ತವೆ. ಎರಡನ್ನೂ ಕೂಡಿಸಿದ ಮೊತ್ತವೊಂದನ್ನು ಮಾತ್ರ ಎಲ್ಲಿಯೂ ಇಡಬೇಡಿ.

ಕಟ್ಟುವುದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. 2016ರಲ್ಲಿ ಡೇಟಾ ಸ್ಟುಡಿಯೋ ಎಂಬ ಹೆಸರಿನಿಂದ ಬಂದು 2022ರಲ್ಲಿ ಲುಕರ್ ಸ್ಟುಡಿಯೋ ಆದ ಗೂಗಲ್‌ನ ಉಚಿತ ಸಾಧನ ಗೂಗಲ್ ಆಡ್ಸ್ ಖಾತೆಯನ್ನು ನೇರವಾಗಿ ಓದುತ್ತದೆ. ಮೆಟಾದ ಅಂಕಿಗಳನ್ನು ವಾರಕ್ಕೊಮ್ಮೆ ಡೌನ್‌ಲೋಡ್ ಮಾಡಿ ಶೀಟ್‌ಗೆ ಹಾಕಿದರೂ ನಿಮ್ಮ ಪ್ರಮಾಣದ ವ್ಯಾಪಾರಕ್ಕೆ ಸಾಕು. ಶೀಟ್‌ಗಳು ಎರಡಿರಬೇಕು. ಒಂದರಲ್ಲಿ ಒಂದು ದಿನದ ಒಂದು ಕ್ಯಾಂಪೇನ್‌ಗೆ ಒಂದು ಸಾಲು: ತಾರೀಖು, ಕ್ಯಾಂಪೇನ್ ಐಡಿ, ಖರ್ಚು, ಇಂಪ್ರೆಶನ್ (ಜಾಹೀರಾತು ಎಷ್ಟು ಸಲ ಕಂಡಿತು), ಕ್ಲಿಕ್. ಇನ್ನೊಂದರಲ್ಲಿ ಒಂದು ಆರ್ಡರ್‌ಗೆ ಒಂದು ಸಾಲು: ತಾರೀಖು, ಮೊತ್ತ, ಹಣ ಪಾವತಿಯ ಬಗೆ, ಪಾರ್ಸಲ್‌ನ ಸ್ಥಿತಿ, ಲಿಂಕ್‌ನ ಯುಟಿಎಂ ಗುರುತಿನಿಂದ (ಗ್ರಾಹಕರು ಯಾವ ಜಾಹೀರಾತಿನಿಂದ ಬಂದರೆಂದು ತಿಳಿಯಲು ಲಿಂಕ್‌ನ ಕೊನೆಗೆ ಸೇರಿಸುವ ಅಕ್ಷರಗಳು) ಬಂದ ಕ್ಯಾಂಪೇನ್ ಐಡಿ. ಹೆಸರಿನ ಬದಲು ಐಡಿ ಎನ್ನುವುದಕ್ಕೆ ಕಾರಣವಿದೆ. ‘ದೀಪಾವಳಿ ಆಫರ್’ ಎಂಬ ಕ್ಯಾಂಪೇನ್‌ಗೆ ಯಾರೋ ನಡುವೆ ‘ಹಬ್ಬದ ಆಫರ್’ ಎಂದು ಹೆಸರು ಬದಲಿಸಿದ ದಿನವೇ ಹಿಂದಿನ ಆರ್ಡರ್‌ಗಳ ನಂಟು ಕಡಿದುಹೋಗುತ್ತದೆ, ಐಡಿ ಬದಲಾಗುವುದಿಲ್ಲ.

ಈ ಎರಡು ಶೀಟ್‌ಗಳನ್ನು ಜೋಡಿಸುವಾಗ ಆಗುವ ತಪ್ಪೊಂದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ಯಾವ ಎಚ್ಚರಿಕೆಯನ್ನೂ ಕೊಡದೆ ನಡೆಯುತ್ತದೆ. ಒಂದು ಕ್ಯಾಂಪೇನ್‌ಗೆ ಒಂದು ದಿನ 2,000 ರೂಪಾಯಿ ಖರ್ಚಾಗಿ ನಾಲ್ಕು ಆರ್ಡರ್ ಬಂದಿವೆ. ಸಾಲಿಗೆ ಸಾಲು ಹಾಗೆಯೇ ಜೋಡಿಸಿದರೆ ಖರ್ಚಿನ ಒಂದು ಸಾಲು ನಾಲ್ಕು ಆರ್ಡರ್‌ಗಳ ಎದುರು ನಾಲ್ಕು ಸಲ ಬರುತ್ತದೆ, ಮೊತ್ತ 8,000 ಆಗುತ್ತದೆ. ಒಳ್ಳೆಯ ವ್ಯಾಪಾರವಾದ ದಿನವೇ ಜಾಹೀರಾತು ದುಬಾರಿಯಾಗಿ ಕಂಡರೆ ಮೊದಲು ಸಂಶಯಿಸಬೇಕಾದದ್ದು ಇದನ್ನು. ಆರ್ಡರ್‌ಗಳನ್ನು ದಿನ ಮತ್ತು ಕ್ಯಾಂಪೇನ್‌ಗೆ ಒಂದೇ ಸಾಲಾಗುವಂತೆ ಮೊದಲು ಕೂಡಿಸಿಕೊಂಡು, ಆಮೇಲೆ ಜೋಡಿಸಬೇಕು.

ಶೇಕಡಾವಾರು ಅಂಕಿಗಳ ಸರಾಸರಿಯೂ ಇಂಥದೇ ಮೋಸ. ಒಂದು ಕ್ಯಾಂಪೇನ್‌ಗೆ 1,000 ಇಂಪ್ರೆಶನ್‌ಗೆ 50 ಕ್ಲಿಕ್, ಅಂದರೆ ಶೇ 5. ಇನ್ನೊಂದಕ್ಕೆ 99,000ಕ್ಕೆ 990, ಅಂದರೆ ಶೇ 1. ಸರಾಸರಿ ಶೇ 3 ಎಂದು ಪರದೆ ತೋರಿಸಿದರೆ ಅದು ತಪ್ಪು. ಒಟ್ಟು ಕ್ಲಿಕ್‌ಗಳನ್ನು ಒಟ್ಟು ಇಂಪ್ರೆಶನ್‌ಗಳಿಂದ ಭಾಗಿಸಿದಾಗ ಸಿಗುವ ಶೇ 1.04 ಸರಿ. ಮೆಟಾದ ರೀಚ್ ಅನ್ನಂತೂ (ಜಾಹೀರಾತು ಎಷ್ಟು ಜನರಿಗೆ ಕಂಡಿತು ಎಂಬ ಅಂಕಿ) ದಿನದಿಂದ ದಿನಕ್ಕೆ ಕೂಡಿಸುವಂತೆಯೇ ಇಲ್ಲ, ಸೋಮವಾರ ನೋಡಿದವರೇ ಮಂಗಳವಾರವೂ ನೋಡಿರುತ್ತಾರೆ. ಅಂಕಿಗಳನ್ನು ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ನೇರವಾಗಿ ಮಾಹಿತಿ ಪಡೆಯುವ ದಾರಿ) ಮೂಲಕ ತರಿಸುವವರಿಗೆ ಇನ್ನೊಂದು ಮಾತು: ಗೂಗಲ್ ಆಡ್ಸ್‌ನ ಎಪಿಐ ಖರ್ಚನ್ನು ರೂಪಾಯಿಯ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ಕೊಡುತ್ತದೆ. ಭಾಗಿಸಲು ಮರೆತರೆ 500 ರೂಪಾಯಿ 50 ಕೋಟಿಯಾಗಿ ಕಾಣುತ್ತದೆ. ಇದು ಕಣ್ಣಿಗೆ ರಾಚುವ ತಪ್ಪಾದ್ದರಿಂದ ಅಪಾಯವಿಲ್ಲ.

ಮಾಡಿಸುವುದು ಏಜೆನ್ಸಿಯಿಂದಾದರೆ, ಜಾಹೀರಾತು ಖಾತೆಯೂ ಶೀಟ್‌ಗಳೂ ಡ್ಯಾಶ್‌ಬೋರ್ಡ್‌ನ ಡೇಟಾ ಸಂಪರ್ಕವೂ ನಿಮ್ಮ ಇಮೇಲ್‌ನ ಒಡೆತನದಲ್ಲಿರಲಿ, ಅವರಿಗೆ ತಿದ್ದುವ ಅನುಮತಿಯಷ್ಟೇ ಇರಲಿ. ಅವರ ಲಾಗಿನ್‌ನಿಂದ ಜೋಡಿಸಿದ್ದು ಅವರು ಹೋದ ದಿನ ಖಾಲಿಯಾಗುತ್ತದೆ.

ಹಿಂದಿನ ವರ್ಷದ ಅದೇ ತಿಂಗಳೊಂದಿಗೆ ಹೋಲಿಸುವ ಸೌಲಭ್ಯ ಈ ಸಾಧನಗಳಲ್ಲಿ ಸಿದ್ಧವಾಗಿಯೇ ಇರುತ್ತದೆ, ಆದರೆ ಸೀರೆ ವ್ಯಾಪಾರಕ್ಕೆ ಅದು ಹೊಂದುವುದಿಲ್ಲ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಅಂದರೆ 2024-25ರ ಒಂದೇ ಹಣಕಾಸು ವರ್ಷದೊಳಗೆ ಎರಡು ಯುಗಾದಿಗಳು ಬಂದವು. ಮಾರ್ಚ್‌ಗೆ ಮಾರ್ಚ್ ಹೋಲಿಸಿದವರಿಗೆ 2025ರ ಜಾಹೀರಾತು ಅದ್ಭುತವಾಗಿಯೂ, ಏಪ್ರಿಲ್‌ಗೆ ಏಪ್ರಿಲ್ ಹೋಲಿಸಿದವರಿಗೆ ಅದೇ ಜಾಹೀರಾತು ಕುಸಿದಂತೆಯೂ ಕಂಡಿರಬೇಕು. ಆರ್ಡರ್‌ಗಳ ಶೀಟ್‌ನಲ್ಲಿ ತಾರೀಖಿನ ಪಕ್ಕ ‘ಹಬ್ಬಕ್ಕೆ ಉಳಿದ ದಿನ’ ಎಂಬ ಒಂದು ಕಾಲಂ ಹೆಚ್ಚಿಗೆ ಸೇರಿಸಿ, ಯುಗಾದಿಗೆ 20 ದಿನವಿದ್ದಾಗ ಈ ವರ್ಷ ಎಷ್ಟು, ಕಳೆದ ವರ್ಷ ಎಷ್ಟು ಎಂದು ಒಂದೇ ನಕ್ಷೆಯಲ್ಲಿ ಎರಡು ಗೆರೆ ಎಳೆಸಿ. ಪಂಚಾಂಗ ನೋಡಿ ಆ ಕಾಲಂ ತುಂಬುವ ಕೆಲಸವನ್ನು ಮಾತ್ರ ನೀವೇ ಮಾಡಬೇಕಾಗುತ್ತದೆ.