ಓದುಗರ ಪ್ರಶ್ನೆ: ಓಡುವ ವೀಡಿಯೊ ಮಾಡಲೇ, ನನ್ನದೇ ಮಾಡಲೇ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಮನೆ. ಯೂಟ್ಯೂಬಿನಲ್ಲಿ ಸಂಪಾದಿಸುವ ಆಸೆಯಿದೆ. ಎಲ್ಲರ ಹಾಗೆ ಮಾಂದಲಪಟ್ಟಿ, ಅಬ್ಬಿ ಜಲಪಾತ, ಹೋಂಸ್ಟೇ ತೋರಿಸಬೇಕೇ? ನನಗಿಷ್ಟವಾದ ಅಡುಗೆ, ತೋಟದ ವಿಷಯ ಮಾಡಿದರೆ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ. ವಿಷಯ ನಿಮ್ಮದಿರಲಿ, ಕಟ್ಟುವ ಕ್ರಮ ಚೆನ್ನಾಗಿ ಓಡುವ ವೀಡಿಯೊಗಳದ್ದಿರಲಿ. ಹೆಚ್ಚಿನವರು ಇದನ್ನೇ ತಿರುಗಾಮುರುಗಾ ಮಾಡುತ್ತಾರೆ. ತೋರಿಸುವುದು ಅದೇ ಮಂಜು, ಆದರೆ ಶುರುವಿಗೆ ಒಂದು ನಿಮಿಷ ಸಿನಿಮಾ ಹಾಡು. ಅಷ್ಟರಲ್ಲಿ ನೋಡುವವರು ಎದ್ದು ಹೋಗಿರುತ್ತಾರೆ. ಜಾಹೀರಾತಿನ ದುಡ್ಡೂ ಹಾಡಿನ ಹಕ್ಕುದಾರರ ಪಾಲಾಗಬಹುದು.

ಕೊಡಗಿನ ಅಡುಗೆಗೆ ಹುಳಿಯಾಗಿ ಬಳಸುವ ಕಪ್ಪು ರಸ, ಕಾಚಂಪುಳಿಯನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಉದುರಿದ ಪಣಪುಳಿ ಹಣ್ಣು ಆರಿಸಿ, ಬುಟ್ಟಿಯಲ್ಲಿ ರಾಶಿ ಹಾಕಿ, ಅಡಿಯ ಪಾತ್ರೆಗೆ ತೊಟ್ಟಿಕ್ಕಿದ ರಸವನ್ನು ಕಪ್ಪಗೆ ಗಟ್ಟಿಯಾಗುವ ತನಕ ಕುದಿಸುತ್ತಾರೆ. ಇದೇ ಕ್ರಮದಲ್ಲಿ ತೋರಿಸಿದರೆ ಮೊದಲ ನಿಮಿಷವೆಲ್ಲ ಹಣ್ಣು ಹೆಕ್ಕುವುದೇ ಆಯಿತು. ಸೌಟಿನಿಂದ ಕಪ್ಪು ರಸ ಇಳಿಯುವ ದೃಶ್ಯದಿಂದ ಶುರುಮಾಡಿ. ‘ಪಂದಿಕರಿಗೆ (ಕೊಡಗಿನ ಹಂದಿಮಾಂಸದ ಸಾರು) ಹುಳಿಯೂ ಬಣ್ಣವೂ ಇದರಿಂದ’ ಎಂಬ ಮಾತು ಹತ್ತು ಸೆಕೆಂಡಿನೊಳಗೆ ಬರಲಿ. ಕುದಿಸುವ ಗಂಟೆಗಟ್ಟಲೆಯನ್ನು ಕತ್ತರಿಸಿ. ಬುಟ್ಟಿಯಿಂದ ರಸ ತೊಟ್ಟಿಕ್ಕುವುದನ್ನು ಮಾತ್ರ ಹದಿನೈದು ಸೆಕೆಂಡು ಸುಮ್ಮನೆ ಬಿಡಿ, ಹನಿಯ ಸದ್ದು ಕೇಳಲಿ. ಯಾವ ಸೂತ್ರವೂ ಇದನ್ನು ಹೇಳಿಕೊಡುವುದಿಲ್ಲ. ಶೀರ್ಷಿಕೆಯಲ್ಲಿ ಮಾತ್ರ ಕವಿತೆ ಬೇಡ: ‘ಮಳೆಯ ಕಪ್ಪು ಹನಿ’ ಎಂದು ಯಾರೂ ಹುಡುಕುವುದಿಲ್ಲ, ‘ಕಾಚಂಪುಳಿ ಮಾಡುವ ವಿಧಾನ’ ಎಂದು ಹುಡುಕುತ್ತಾರೆ.

ವೀಡಿಯೊ ಹಾಕಿದ ಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ (ಚಾನೆಲ್ಲಿನ ಲೆಕ್ಕ ತೋರಿಸುವ ಪುಟ) ಎರಡು ಅಂಕಿ ನೋಡಿ. ಥಂಬ್‌ನೇಲ್ (ವೀಡಿಯೊದ ಮುಖಚಿತ್ರ) ಕಂಡವರಲ್ಲಿ ಶೇ. 2ರಿಂದ 10 ಮಂದಿ ಒತ್ತಿದರೆ ಸಾಮಾನ್ಯ; ಅದಕ್ಕಿಂತ ಕಡಿಮೆಯಾದರೆ ವೀಡಿಯೊ ಮುಟ್ಟಬೇಡಿ, ಚಿತ್ರ ಬದಲಿಸಿ. ಎಷ್ಟು ಮಂದಿ ಎಲ್ಲಿಯ ತನಕ ನೋಡಿದರೆಂದು ತೋರಿಸುವ ಗೆರೆ 30ನೇ ಸೆಕೆಂಡಿಗೇ ಧಡಕ್ಕನೆ ಇಳಿದಿದ್ದರೆ, ಶೀರ್ಷಿಕೆ ಹೇಳಿದ್ದು ಒಳಗೆ ಬೇಗ ಸಿಕ್ಕಿಲ್ಲ ಎಂದರ್ಥ.

ಕೊಡಗಿನ ವಿಷಯಕ್ಕೆ ಕ್ಯಾಲೆಂಡರ್ ಮುಖ್ಯ. ಕಕ್ಕಡ (ಕೊಡವರ ಮಳೆಗಾಲದ ತಿಂಗಳು) 18ರ ಮದ್ದು ಸೊಪ್ಪಿನ ಪಾಯಸ ಜನ ಹುಡುಕುವುದು ಆಗಸ್ಟ್ 3ರ ಆಸುಪಾಸಿನಲ್ಲಿ. ಅಂದೇ ಚಿತ್ರೀಕರಿಸಿ ಅಂದೇ ಹಾಕುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ. ಈ ವರ್ಷ ತೆಗೆದಿಟ್ಟುಕೊಂಡು ಮುಂದಿನ ಜುಲೈ ಕೊನೆಗೆ ಹಾಕಿ. ಕಾಫಿ ಹೂವಿಗೂ ಇಷ್ಟೇ: ಹೂಮಳೆ (ಮೊಗ್ಗು ಅರಳಿಸುವ ಬೇಸಿಗೆಯ ಮಳೆ) ಬಿದ್ದು ವಾರ ಹತ್ತು ದಿನಕ್ಕೆ ಅರಳಿ, ಎರಡು ಮೂರು ದಿನದಲ್ಲಿ ಬಾಡುತ್ತದೆ.

ಇನ್ನು ದುಡ್ಡು. ಉದ್ದ ವೀಡಿಯೊ ಮಾಡುವವರಿಗೆ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರ ಜೊತೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಉದ್ದ ವೀಡಿಯೊದಲ್ಲಿ ನಿಮಗೆ ಶೇ. 55, ಶಾರ್ಟ್ಸ್‌ನಲ್ಲಿ ಶೇ. 45. ನಡುವೆ ಜಾಹೀರಾತು ಹಾಕಲು 8 ನಿಮಿಷ ಇರಬೇಕು; ಅದಕ್ಕಾಗಿ ಐದು ನಿಮಿಷದ್ದನ್ನು ಎಳೆದರೆ ಗೆರೆ ಇಳಿಯುವುದು ಖಂಡಿತ. ಒಂದೇ ಅಚ್ಚಿನಲ್ಲಿ ರಾಶಿ ರಾಶಿ ತಯಾರಿಸಿದ ವೀಡಿಯೊಗಳಿಗೆ ಯೂಟ್ಯೂಬ್ ದುಡ್ಡನ್ನೇ ನಿಲ್ಲಿಸಬಹುದು.

ಕನ್ನಡ ಚಾನೆಲ್ಲಿಗೆ ಜಾಹೀರಾತೊಂದನ್ನೇ ನೆಚ್ಚಿ ಕೂರುವುದು ಕಷ್ಟ. ಅದೇ ಕಾಚಂಪುಳಿ, ಮನೆಯ ಕಾಫಿ ಪುಡಿ ಮಾರಿದರೆ ಕೈಗೆ ಬೇಗ ಕಾಸು ಬರುತ್ತದೆ. ಮಾರುವ ಮೊದಲು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಆ ಸಂಖ್ಯೆ ಲೇಬಲ್ಲಿನ ಮೇಲೆ ಇರಲಿ.