ಅಟ್ಟದ ಮೇಲಿನ ಹಳೆಯ ಕೀಟನಾಶಕ: ಹೂಳುವುದೋ, ಸುಡುವುದೋ, ಯಾರಿಗಾದರೂ ಕೊಡುವುದೋ?

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ತೋಟದ ಹಳೆಮನೆ ಖಾಲಿ ಮಾಡುತ್ತಿದ್ದೇವೆ. ಅಟ್ಟದಲ್ಲಿ ಎರಡು ಪ್ಯಾಕೆಟ್ ಥಿಮೆಟ್, ಅರ್ಧ ಉಳಿದ ಎಂಡೋಸಲ್ಫಾನ್ ಕ್ಯಾನ್, ಚೀಟಿ ಕಿತ್ತುಹೋದ ಒಂದೆರಡು ಬಾಟಲಿ, ಗಟ್ಟಿಯಾದ ಮೈಲುತುತ್ತದ ಚೀಲ ಸಿಕ್ಕಿವೆ. ಗುಂಡಿ ತೋಡಿ ಹೂತುಬಿಡಿ ಅಂತ ಕೆಲವರು, ಸುಟ್ಟುಬಿಡಿ ಅಂತ ಕೆಲವರು ಹೇಳುತ್ತಾರೆ. ಏನು ಮಾಡಲಿ?
– ತೀರ್ಥಹಳ್ಳಿ ಕಡೆಯ ಕೃಷಿಕರು

ಉತ್ತರ: ಹೂಳಬೇಡಿ, ಸುಡಬೇಡಿ, ಹಳ್ಳಕ್ಕಂತೂ ಸುರಿಯಲೇಬೇಡಿ. ಮೈಲುತುತ್ತವನ್ನು ತೋಟಕ್ಕೆ ಬಳಸಿ ಮುಗಿಸಿ. ಮಿಕ್ಕಿದ್ದನ್ನೆಲ್ಲ ಸೋರದಂತೆ ಭದ್ರಮಾಡಿ, ಬೀಗ ಹಾಕಿಟ್ಟು, ಬರವಣಿಗೆಯಲ್ಲಿ ಅರ್ಜಿ ಕೊಟ್ಟು ವಿಲೇವಾರಿ ಮಾಡಿಸಿಕೊಳ್ಳಬೇಕು. ಇದು ತಡವಾಗುವ ದಾರಿ. ಆದರೆ ಬೇರೆ ದಾರಿಗಳೆಲ್ಲ ನಿಮ್ಮ ಬಾವಿಗೋ ನಿಮ್ಮ ಉಸಿರಿಗೋ ಬಂದು ಸೇರುತ್ತವೆ.

ಸುಲಭದ್ದನ್ನು ಮೊದಲು ಹೇಳಿಬಿಡುತ್ತೇನೆ. ಮೈಲುತುತ್ತ ಎಂದರೆ ಕಾಪರ್ ಸಲ್ಫೇಟ್, ಒಂದು ಲವಣ. ಹೆಂಟೆಗಟ್ಟಿದರೂ, ಮೇಲೆ ಬಿಳಿ ಪುಡಿ ಕೂತರೂ ಕೆಲಸಕ್ಕೆ ಬರುತ್ತದೆ. ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೆನೆಹಾಕಿ. ಕಬ್ಬಿಣದ ಪಾತ್ರೆ ಬೇಡ. ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಅದೇ ಶೇ. 1ರ ಬೋರ್ಡೋ ದ್ರಾವಣದ ಲೆಕ್ಕ. ಚಾಕು ಅದ್ದಿ ನೋಡಿದಾಗ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕಿ. ಗಟ್ಟಿಯಾದ ಯೂರಿಯಾ, ಪೊಟ್ಯಾಷ್ ಸಿಕ್ಕರೂ ಹೀಗೇ: ಪುಡಿಮಾಡಿ ಗಿಡಕ್ಕೆ ಕೊಡಿ.

ಇನ್ನು ಕಷ್ಟದ ಮಾಲು. ‘ಎಷ್ಟೋ ವರ್ಷದ್ದು, ಈಗ ಅದರಲ್ಲಿ ಏನು ಶಕ್ತಿ ಇರುತ್ತೆ’ ಎಂದುಕೊಂಡೇ ಹಲವರು ಬರಿಗೈಯಲ್ಲಿ ಎತ್ತಿಡುತ್ತಾರೆ. ಈ ನಂಬಿಕೆ ಅಪಾಯಕಾರಿ. 1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ನಿಯಂತ್ರಣಕ್ಕೆ ಮೆಲಾಥಿಯಾನ್ ಸಿಂಪಡಿಸುತ್ತಿದ್ದ ಕೆಲಸಗಾರರಲ್ಲಿ ಸುಮಾರು 2,800 ಮಂದಿಗೆ ವಿಷವೇರಿತು, ಐವರು ಸತ್ತರು. ಮೆಲಾಥಿಯಾನ್ ಅಷ್ಟೇನೂ ಉಗ್ರವಲ್ಲದ ಕೀಟನಾಶಕ. ಆದರೆ ಆ ಪುಡಿಯಲ್ಲಿ ಐಸೊಮೆಲಾಥಿಯಾನ್ ಎಂಬ ಇನ್ನೊಂದು ವಸ್ತು ಸೇರಿಕೊಂಡಿತ್ತು. ಬಿಸಿಯಲ್ಲಿ ಇಟ್ಟ ಮೆಲಾಥಿಯಾನಿನಲ್ಲಿ ಹುಟ್ಟಿಕೊಳ್ಳುವ ಈ ವಸ್ತು ಅದರ ವಿಷವನ್ನು ಹಲವು ಪಟ್ಟು ಏರಿಸುತ್ತದೆ. ನಿಮ್ಮ ಅಟ್ಟ ಹೆಂಚಿನ ಕೆಳಗಿದೆ, ಬೇಸಿಗೆಯಲ್ಲಿ ಅಲ್ಲಿ ಎಷ್ಟು ಕಾಯುತ್ತದೆಂದು ನಿಮಗೇ ಗೊತ್ತು.

ಸುಡುವ ವಿಚಾರ. ಇಂಥ ವಿಷ ಪೂರ್ತಿ ಒಡೆದುಹೋಗಬೇಕಾದರೆ 1,100 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಉರಿಸಿ, ಹೊಗೆಯನ್ನೂ ಶೋಧಿಸಬೇಕು. ಭೋಪಾಲದ ಕೀಟನಾಶಕ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯ ದುರಂತವಾಗಿ 40 ವರ್ಷ ಕಳೆದು 2025ರ ಜನವರಿಯಲ್ಲಿ ಪೀತಂಪುರದ ಕುಲುಮೆಗೆ ಹೊರಟಿತು. ಸರ್ಕಾರಕ್ಕೇ ಅಷ್ಟು ತ್ರಾಸ ಕೊಟ್ಟ ಕೆಲಸ ತೋಟದ ಮೂಲೆಯಲ್ಲಿ ತರಗೆಲೆ ಬೆಂಕಿ ಮಾಡಿಕೊಡುವುದಿಲ್ಲ. ಎಂಡೋಸಲ್ಫಾನಿನಲ್ಲಿ ಕ್ಲೋರಿನ್ ಇದೆ. ಅಂಥದ್ದನ್ನು ಅರೆಬೆಂಕಿಯಲ್ಲಿ ಸುಟ್ಟರೆ ಡೈಆಕ್ಸಿನ್‌ನಂಥ ಹೊಸ ವಿಷ ಹುಟ್ಟುತ್ತದೆ. ಆ ಹೊಗೆ ಮೊದಲು ಹೋಗುವುದು ಬೆಂಕಿ ಹಚ್ಚಿದವರ ಎದೆಗೆ.

ಹೂಳುವುದನ್ನು ಹೇಳಿದವರ ಮಾತಿಗೆ ಒಂದು ಆಧಾರ ಇದೆ. 1971ರ ಕೀಟನಾಶಕ ನಿಯಮಗಳ 44ನೇ ನಿಯಮ, ಬಳಸಿದ ಡಬ್ಬಿಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕು ಎನ್ನುತ್ತದೆ. ಗಮನಿಸಿ, ಅದು ಖಾಲಿ ಡಬ್ಬಿಯ ಮಾತು. ಉಳಿದ ವಿಷವನ್ನು ನೀರು, ಪರಿಸರ ಕೆಡದಂತೆ ವಿಲೇವಾರಿ ಮಾಡಬೇಕೆಂದು ಅದೇ ನಿಯಮ ಹೇಳುತ್ತದೆ. ಆಗುಂಬೆ ಇರುವ ತಾಲ್ಲೂಕು ನಿಮ್ಮದು. ಆ ಮಳೆಗೆ, ಆ ಜಂಬಿಟ್ಟಿಗೆ ಮಣ್ಣಿನಲ್ಲಿ ಹೂತದ್ದು ಹೂತಲ್ಲೇ ಇರುತ್ತದೆಂದು ನಾನು ನಂಬುವುದಿಲ್ಲ. ತೋಟದ ಬಾವಿಯೋ ಕೆಳಗಿನ ಮನೆಯವರ ಅಬ್ಬಿನೀರೋ ಅದಕ್ಕೆ ಸಿಕ್ಕೇ ಸಿಗುತ್ತದೆ. ಇನ್ನು ಹಳ್ಳ: ಮನುಷ್ಯರಿಗೆ ಅಷ್ಟಾಗಿ ತಾಗದ ಸೈಪರ್‌ಮೆಥ್ರಿನ್ ಕೂಡ ತೀರಾ ಅಲ್ಪ ಪ್ರಮಾಣದಲ್ಲೇ ಮೀನು, ಸೀಗಡಿ, ಏಡಿಗಳನ್ನು ಕೊಲ್ಲುತ್ತದೆ.

‘ಹಾಗಾದರೆ ಬಳಸಿ ಮುಗಿಸಲೇ’ ಎಂದು ನೀವು ಕೇಳಬಹುದು. ಅವಧಿ ಮುಗಿಯದ, ಈಗಲೂ ಅನುಮತಿ ಇರುವ ಔಷಧವಾದರೆ, ಚೀಟಿಯಲ್ಲಿ ಬರೆದ ಬೆಳೆಗೆ, ಬರೆದ ಪ್ರಮಾಣದಲ್ಲಿ ಬಳಸುವುದೇ ಒಳ್ಳೆಯ ವಿಲೇವಾರಿ. ನಿಮ್ಮಲ್ಲಿರುವ ಎರಡಕ್ಕೂ ಅದು ಹೊಂದುವುದಿಲ್ಲ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ತಡೆಹಿಡಿಯಿತು. ಥಿಮೆಟ್ ಎಂದರೆ ಫೋರೇಟ್; 2018ರ ಕೇಂದ್ರದ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದೂ ನಿಷಿದ್ಧ. ಸೀಲ್ ಒಡೆಯದ ಪ್ಯಾಕೆಟ್ ಆದರೂ ಬೇರುಹುಳಕ್ಕೆಂದು ಬುಡಕ್ಕೆ ಹಾಕಬೇಡಿ, ಪಕ್ಕದವರಿಗೆ ದಾನವಾಗಿಯೂ ಕೊಡಬೇಡಿ.

ಈಗ ಕೈಗೆ ಕೆಲಸ. ಕಿಟಕಿ ಬಾಗಿಲು ತೆರೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಮಕ್ಕಳು, ನಾಯಿ, ದನ ಹತ್ತಿರ ಬರಬಾರದು. ಒಬ್ಬರೇ ಹತ್ತಬೇಡಿ. ಬಟ್ಟೆಯ ಕೈಗವಸು ವಿಷವನ್ನು ಹೀರಿ ಚರ್ಮಕ್ಕೇ ಅಂಟಿಸುತ್ತದೆ, ಆದ್ದರಿಂದ ರಬ್ಬರಿನದೇ ಬೇಕು. ತುಂಬುತೋಳಿನ ಅಂಗಿ, ಮಾಸ್ಕ್, ಕನ್ನಡಕವೂ ಇರಲಿ. ಸೋರುವ ಕ್ಯಾನನ್ನು ಬೇರೆ ಬಾಟಲಿಗೆ ಬಗ್ಗಿಸಲು ಹೋಗಬೇಡಿ. ಕಾಸರಗೋಡಿನ ಗೋದಾಮುಗಳಲ್ಲಿ ಉಳಿದ ಎಂಡೋಸಲ್ಫಾನನ್ನು ಹಳೆಯ ಪೀಪಾಯಿಗಳಿಂದ ಹೊಸವಕ್ಕೆ ಬಗ್ಗಿಸಲು ರಕ್ಷಾಕವಚ ತೊಟ್ಟ ತಜ್ಞರೇ ಬರಬೇಕಾಯಿತು. ನೀವು ಇಡೀ ಕ್ಯಾನನ್ನೇ ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಬಕೆಟ್ಟಿನಲ್ಲಿಟ್ಟು ಸುತ್ತ ಒಣಮಣ್ಣು ತುಂಬಿ. ನೆಲಕ್ಕೆ ಚೆಲ್ಲಿದ್ದರೆ ನೀರು ಹಾಕಿ ತೊಳೆಯದೆ ಒಣಮಣ್ಣು ಸುರಿದು, ಹೀರಿದ ಮೇಲೆ ಬಳಿದು ಅದೇ ಬಕೆಟ್ಟಿಗೆ ಹಾಕಿ.

ಚೀಟಿ ಇಲ್ಲದ ಬಾಟಲಿಯ ಮುಚ್ಚಳ ತೆಗೆಯಬೇಡಿ, ಮೂಸಿ ನೋಡಬೇಡಿ. ಅದು ಪ್ಯಾರಾಕ್ವಾಟ್ ಕಳೆನಾಶಕವೂ ಆಗಿರಬಹುದು. ಒಂದು ಗುಟುಕು ಸಾಕು ಜೀವ ತೆಗೆಯಲು, ಪ್ರತಿವಿಷವೇ ಇಲ್ಲ. ‘ವಿಷ, ಏನೆಂದು ಗೊತ್ತಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಸಿಕ್ಕರೆ ಬೇರೆಯಾಗಿ, ಪೂರ್ತಿ ಒಣಗಿದ ಕಡೆ ಇಡಿ. ತೇವ ತಾಗಿದರೆ ಪ್ರಾಣ ತೆಗೆಯುವ ಅನಿಲ ಹೊರಡುತ್ತದೆ. ಮಲಗುವ ಮನೆಯ ಒಳಗಂತೂ ಬೇಡ.

ಖಾಲಿ ಡಬ್ಬಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಇತ್ತು. ಕೀಟನಾಶಕದ ಡಬ್ಬಿಯಲ್ಲಿ ಎಣ್ಣೆ ಇಟ್ಟಿದ್ದೇ ಕಾರಣವೆಂದು ತನಿಖೆ ಹೇಳಿತು. ಈ ಡಬ್ಬಿಗಳು ಎಷ್ಟು ಗಟ್ಟಿಮುಟ್ಟಾಗಿದ್ದರೂ ನೀರು, ಎಣ್ಣೆ, ಬಿತ್ತನೆ ಬೀಜ ಯಾವುದಕ್ಕೂ ಬೇಡ, ಗುಜರಿಗೂ ಬೇಡ. ಈಗ ಬಳಸುತ್ತಿರುವ ಔಷಧದ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಸಿಂಪರಣೆ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಹೊಡೆಯಿರಿ. ನಿಷೇಧಿತ ಮಾಲಿನ ಡಬ್ಬಿಯನ್ನು ತೊಳೆಯದೆ ಬಕೆಟ್ಟಿಗೇ ಸೇರಿಸಿ, ತೊಳೆದ ನೀರು ಹಾಕಲು ಜಾಗವಿಲ್ಲ.

ಮೈಮೇಲೆ ಚೆಲ್ಲಿಕೊಂಡರೆ ಬಟ್ಟೆ ಕಳಚಿ ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆಯಿರಿ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ; 108ಕ್ಕೆ ಕರೆಮಾಡಿ, ಚೀಟಿಯ ಫೋಟೊ ತೆಗೆದುಕೊಂಡು ಹೋಗಿ. ವೈದ್ಯರಿಗೆ ಅದೇ ದೊಡ್ಡ ಸಹಾಯ.

ಯಾರಿಗೆ ಕೊಡುವುದು? ಮನೆ ಬಾಗಿಲಿಗೆ ಬಂದು ಒಯ್ಯುವ ಖಾಯಂ ಏರ್ಪಾಡು ನಮ್ಮ ಹಳ್ಳಿಗಳಲ್ಲಿಲ್ಲ, ಇದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ. ಬ್ರೆಜಿಲ್ 2000ದಲ್ಲಿ ಕಾನೂನು ಮಾಡಿ ಖಾಲಿ ಡಬ್ಬಿ ವಾಪಸು ಪಡೆಯುವ ಹೊಣೆಯನ್ನು ತಯಾರಕರಿಗೂ ಹೊರಿಸಿತು, ಅಲ್ಲಿ ಶೇ. 90ಕ್ಕೂ ಹೆಚ್ಚು ಪ್ಲಾಸ್ಟಿಕ್ ಡಬ್ಬಿ ಮರಳುತ್ತವೆ. ನಮ್ಮಲ್ಲಿ ಇರುವ ಆಸರೆಗಳನ್ನು ಗಟ್ಟಿಯಾಗಿ ಹಿಡಿಯಬೇಕು. ಅವಧಿ ಮೀರಿದ ಮಾಲನ್ನು ಬೇರ್ಪಡಿಸಿ, ಫಲಕ ಹಾಕಿ ಇಟ್ಟು, ಪರಿಸರಕ್ಕೆ ಹಾನಿಯಾಗದಂತೆ ವಿಲೇವಾರಿ ಮಾಡುವುದು ಪರವಾನಗಿ ಪಡೆದ ಅಂಗಡಿಯವರ ಮೇಲೆ ಕಾನೂನು ಹೊರಿಸಿದ ಕೆಲಸ. ಅವರದೇ ದಾಸ್ತಾನಿಗೆ ಅನ್ವಯಿಸುವ ನಿಯಮ ಅದು. ಆದರೂ ಇತ್ತೀಚೆಗೆ ಕೊಂಡು ಸೀಲ್ ಒಡೆಯದೆ ಉಳಿದದ್ದಿದ್ದರೆ ರಸೀದಿ ಸಮೇತ ಕೇಳಿ. 2016ರ ಘನತ್ಯಾಜ್ಯ ನಿಯಮಗಳು ಕೀಟನಾಶಕದ ಡಬ್ಬಿಯನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದವು. ಹಾಗಾಗಿ ಪಂಚಾಯಿತಿಯ ಬಾಗಿಲು ತಟ್ಟುವುದು ತಪ್ಪಲ್ಲ.

ಒಂದು ಬಕೆಟ್ಟಿಗಾಗಿ ಲಾರಿ ಬರುವುದು ಕಷ್ಟ. ನಿಮ್ಮಂಥ ಅಟ್ಟ ಊರಿನಲ್ಲಿ ಇನ್ನೂ ಹತ್ತಾರು ಇರುತ್ತವೆ. ಸಹಕಾರ ಸಂಘದ ಸಭೆಯಲ್ಲಿ ವಿಷಯ ಎತ್ತಿ, ಮನೆಮನೆಯ ಪಟ್ಟಿ ಮಾಡಿ: ಮಾಲಿನ ಹೆಸರು, ಅಂದಾಜು ತೂಕ ಅಥವಾ ಲೀಟರು, ಸೋರುತ್ತಿದೆಯೋ ಇಲ್ಲವೋ, ಫೋಟೊ. ಒಂದು ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ, ಒಂದು ಪಂಚಾಯಿತಿಯ ಪಿಡಿಒಗೆ, ಒಂದು ಶಿವಮೊಗ್ಗದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿಗೆ. ಅಧಿಕೃತ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಇದನ್ನು ಸಾಗಿಸುವ ಏರ್ಪಾಡು ಮಾಡಿಕೊಡಿ ಎಂದೇ ಬರೆಯಿರಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಉತ್ತರ ಬರುವತನಕ ಬಕೆಟ್ಟು ಅಡುಗೆಮನೆ, ಕೊಟ್ಟಿಗೆ, ಬಾವಿಯಿಂದ ದೂರ, ಮಳೆನೀರು ತಾಗದ ಎತ್ತರದಲ್ಲಿ, ಬೀಗದೊಳಗಿರಲಿ. ಬೀಗದ ಕೈ ಎಲ್ಲಿದೆ, ಒಳಗೇನಿದೆ ಎಂಬುದು ಮನೆಯ ಇನ್ನೊಬ್ಬ ದೊಡ್ಡವರಿಗೂ ತಿಳಿದಿರಲಿ.