ಬೆಟ್ಟ ಹತ್ತಿದವರ ಗಮನ ಎಲ್ಲಿರುತ್ತದೆ?

ಮನಸ್ಸು ದಣಿದಿದೆ ಎಂದು ಆಪ್ತಸಮಾಲೋಚನೆಗೆ ಬರುವವರಲ್ಲಿ ಅನೇಕರು ಅದಕ್ಕೂ ಮೊದಲೇ ತಮಗೆ ತೋಚಿದ ಒಂದು ಉಪಾಯವನ್ನು ಮಾಡಿ ನೋಡಿರುತ್ತಾರೆ. ರಜೆ ಹಾಕಿ ಬೆಟ್ಟವನ್ನೋ ಕಡಲತೀರವನ್ನೋ ಸೇರಿ, ನಾಲ್ಕು ದಿನ ಇದ್ದು, ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಮರಳಿರುತ್ತಾರೆ. ಅಷ್ಟು ಸುಂದರವಾದ ಜಾಗದಲ್ಲೂ ನೆಮ್ಮದಿ ಸಿಗಲಿಲ್ಲವೆಂದರೆ ತಮ್ಮಲ್ಲೇ ಏನೋ ಕೊರತೆ ಇರಬೇಕೆಂಬ ಅಳುಕು ದಣಿವಿನ ಜೊತೆಗೆ ಹೊಸದಾಗಿ ಸೇರಿಕೊಂಡಿರುತ್ತದೆ. ಅವರಲ್ಲಿ ಕೊರತೆಯೇನೂ ಇರುವುದಿಲ್ಲ. ಜಾಗ ಬದಲಾದರೂ ಗಮನ ಬದಲಾಗಿರುವುದಿಲ್ಲ, ಅಷ್ಟೆ. ಬೆಟ್ಟದ ತುದಿಯಲ್ಲಿ ನಿಂತು ಕಚೇರಿಯ ಮಾತನ್ನೇ ಮೆಲುಕು ಹಾಕುತ್ತಿರುವವರಿಗೆ ಬೆಟ್ಟದಿಂದ ಸಿಗುವುದು ತಂಗಾಳಿ ಮಾತ್ರ.

ಮಿಷಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ದಂಪತಿ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ 1989ರಲ್ಲಿ ವಿವರವಾಗಿ ಮಂಡಿಸಿದ ಸಿದ್ಧಾಂತ ಇಲ್ಲಿ ನೆರವಿಗೆ ಬರುತ್ತದೆ. ಲೆಕ್ಕ ಮಾಡುವಾಗ, ವರದಿ ಬರೆಯುವಾಗ, ವಾಹನ ದಟ್ಟಣೆಯಲ್ಲಿ ದಾರಿ ಹುಡುಕುವಾಗ ನಾವು ಗಮನವನ್ನು ಬಲವಂತವಾಗಿ ಒಂದೆಡೆ ಹಿಡಿದಿಡುತ್ತೇವೆ. ಹಾಗೆ ಹಿಡಿಯಬೇಕಾದರೆ ಸುತ್ತಲಿನ ಹತ್ತಾರು ಸೆಳೆತಗಳನ್ನು ತಡೆಯುತ್ತಲೇ ಇರಬೇಕಾಗುತ್ತದೆ. ದಣಿಯುವುದು ಈ ತಡೆಯುವ ಶಕ್ತಿ. ಓದಿದ ಸಾಲನ್ನೇ ಮತ್ತೆ ಓದುವುದು, ಸಣ್ಣ ಮಾತಿಗೆ ಸಿಡುಕುವುದು, ಯಾವ ಕೆಲಸಕ್ಕೆ ಎದ್ದು ಬಂದೆವೆಂಬುದನ್ನೇ ಮರೆಯುವುದು ಇದರ ಲಕ್ಷಣಗಳು. ಮೋಡ, ಹರಿಯುವ ನೀರು, ಗಾಳಿಗೆ ಅಲುಗುವ ಎಲೆ ಇವು ಗಮನವನ್ನು ತಾವಾಗಿಯೇ, ಮೆಲ್ಲಗೆ ಸೆಳೆಯುವುದರಿಂದ ಆ ಶಕ್ತಿಗೆ ಬಿಡುವು ಸಿಗುತ್ತದೆ. ಮೊಬೈಲ್ ಪರದೆಯೂ ಗಮನವನ್ನು ಶ್ರಮವಿಲ್ಲದೆ ಸೆಳೆಯುತ್ತದೆ, ನಿಜ; ಆದರೆ ಅದು ಮನಸ್ಸನ್ನು ಪೂರ್ತಿಯಾಗಿ ಆಕ್ರಮಿಸುತ್ತದೆ. ಮೋಡವಾದರೋ ನೋಡುವವನಿಗೆ ಯೋಚಿಸಲೂ ಒಂದಿಷ್ಟು ಜಾಗ ಬಿಟ್ಟುಕೊಡುತ್ತದೆ.

ಇದೇ ವಿಶ್ವವಿದ್ಯಾಲಯದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮರಗಳ ತೋಪಿನಲ್ಲಿ ನಡೆದು ಬಂದವರು ಕೇಳಿದ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳುವ ಪರೀಕ್ಷೆಯಲ್ಲಿ, ತಾವೇ ನಗರದ ಬೀದಿಯಲ್ಲಿ ನಡೆದು ಬಂದಾಗ ತೋರಿದ್ದಕ್ಕಿಂತ ಹೆಚ್ಚಿನ ಸುಧಾರಣೆ ತೋರಿದರು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅದೇ ಪ್ರಯೋಗದ ಇನ್ನೊಂದು ಅಂಶ: ಈ ಲಾಭಕ್ಕೂ ನಡಿಗೆ ಹಿತವೆನಿಸಿತೇ ಎಂಬುದಕ್ಕೂ ನಂಟು ಕಾಣಲಿಲ್ಲ, ಕೊರೆಯುವ ಚಳಿಯಲ್ಲಿ ನಡೆದವರಿಗೂ ಪ್ರಯೋಜನವಾಯಿತು. ಹೊರಗೆ ಹೋದ ಕೂಡಲೇ ಆನಂದವಾಗಬೇಕೆಂದು ನಿರೀಕ್ಷಿಸಿ, ಆಗದಿದ್ದಾಗ ಕೈಬಿಡುವವರಿಗೆ ನಾನು ಇದನ್ನು ಅಗತ್ಯವಾಗಿ ತಿಳಿಸುತ್ತೇನೆ. ಖುಷಿಯಾಗದಿದ್ದರೂ ವಿಶ್ರಾಂತಿ ಸಿಕ್ಕಿರಬಹುದು.

ಚಿಂತೆಯ ಸುಳಿಯ ವಿಷಯ ಬೇರೆ. ನಡೆದುಹೋದ ಮಾತನ್ನು, ಆದ ಅವಮಾನವನ್ನು ಮನಸ್ಸು ಮತ್ತೆ ಮತ್ತೆ ತಿರುವಿ ಹಾಕುವ ಅಭ್ಯಾಸ ಖಿನ್ನತೆಗೆ ದಾರಿ ಮಾಡಿಕೊಡುವ ಸಾಧ್ಯತೆ ಹೆಚ್ಚು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಲ್ಲುಗಾವಲು ಮತ್ತು ಮರಗಳ ನಡುವೆ 90 ನಿಮಿಷ ನಡೆದವರಲ್ಲಿ ಇಂಥ ಚಿಂತನೆ ಕಡಿಮೆಯಾಯಿತು. ಅದಕ್ಕೆ ಸಂಬಂಧಿಸಿದ ಮಿದುಳಿನ ಮುಂಭಾಗದ ಒಂದು ಪ್ರದೇಶದ ಚಟುವಟಿಕೆಯೂ ತಗ್ಗಿತು. ವಾಹನಗಳು ತುಂಬಿದ ಹೆದ್ದಾರಿಯ ಪಕ್ಕದಲ್ಲಿ ಅಷ್ಟೇ ಹೊತ್ತು ನಡೆದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಭಾಗವಹಿಸಿದವರು 38 ಮಂದಿ ಆರೋಗ್ಯವಂತರು ಎಂಬುದನ್ನೂ ಹೇಳಬೇಕು. ತೀವ್ರ ಖಿನ್ನತೆಯಲ್ಲಿರುವವರಿಗೆ ಈ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು.

ಆರೋಗ್ಯಕ್ಕೆ ವಾರಕ್ಕೆ 120 ನಿಮಿಷ ಪ್ರಕೃತಿಯ ನಡುವೆ ಇರಬೇಕು ಎಂಬ ಲೆಕ್ಕವನ್ನು ಈಗ ಬಹಳ ಜನ ಕೇಳಿಕೊಂಡು ಬರುತ್ತಾರೆ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಿಂದ ಬಂದ ಸಂಖ್ಯೆ ಅದು. ಆರೋಗ್ಯ ಚೆನ್ನಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಿರಬಹುದಾದ್ದರಿಂದ ನಾನು ಅದನ್ನು ಔಷಧದ ಪ್ರಮಾಣದಂತೆ ಬರೆದುಕೊಡುವುದಿಲ್ಲ.

ನಾನು ಹೇಳುವ ಕ್ರಮ ಸರಳವಾದದ್ದು, ಕೆಲವರಿಗೆ ತೀರಾ ಸಪ್ಪೆ ಎನಿಸುವಂಥದ್ದು. ಮನೆಗೆ ಹತ್ತಿರವಿರುವ ಒಂದು ಮರವನ್ನು ಆರಿಸಿಕೊಂಡು, ಸಾಧ್ಯವಾದಷ್ಟು ದಿನ ಅದೇ ಮರದ ಬಳಿ ಕಾಲು ಗಂಟೆ ಇರಬೇಕು. ಫೋನು ಜೇಬಿನಲ್ಲೇ ಇರಲಿ. ಮರದ ಹೆಸರು ಗೊತ್ತಿಲ್ಲದಿದ್ದರೆ ನಷ್ಟವೇನಿಲ್ಲ. ಮುಂದಿನ ಭೇಟಿಯಲ್ಲಿ ಹೇಗೆನಿಸಿತು ಎಂದು ನಾನು ಕೇಳುವುದಿಲ್ಲ, ಏನು ಕಂಡಿತು ಎಂದು ಕೇಳುತ್ತೇನೆ. ಆರಂಭದಲ್ಲಿ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಹಸಿರಾಗಿತ್ತು, ಚೆನ್ನಾಗಿತ್ತು. ಬರಬರುತ್ತಾ ಮಾತು ಬದಲಾಗುತ್ತದೆ. ತೊಗಟೆಯ ಸೀಳಿನ ಗುಂಟ ಇರುವೆಗಳು ಏರುತ್ತವೆ, ಎದುರಾದಾಗ ಮೀಸೆ ತಾಗಿಸಿ ಅರೆಗಳಿಗೆ ನಿಂತು ಮುಂದೆ ಹೋಗುತ್ತವೆ. ನೆರಳಿನ ಬದಿಯ ತೊಗಟೆಯ ಮೇಲೆ ಬೂದುಹಸಿರು ಬಣ್ಣದ ಕಲ್ಲುಹೂವು ಬಿಲ್ಲೆಯಂತೆ ಹರಡಿದೆ, ಅಂಚು ತುಸು ಮೇಲಕ್ಕೆದ್ದಿದೆ. ಮಳೆ ಬಂದ ಮರುದಿನ ಇರುವೆಗಳು ಹಳೆಯ ದಾರಿ ಬಿಟ್ಟು ಇನ್ನೊಂದು ಮಗ್ಗುಲಿನಿಂದ ಹತ್ತುತ್ತಿವೆ. ಇಷ್ಟನ್ನು ಹೇಳಬಲ್ಲವರು ಅಷ್ಟು ಹೊತ್ತಾದರೂ ತಮ್ಮ ಚಿಂತೆಯಿಂದ ಹೊರಗಿದ್ದರು ಎಂದೇ ಅರ್ಥ. ಅವರು ತುಂಬಿಕೊಡುವ ಪ್ರಶ್ನಾವಳಿಗಿಂತ ಈ ವಿವರಗಳನ್ನು ನಾನು ಹೆಚ್ಚು ನಂಬುತ್ತೇನೆ.

ಇದೂ ಧ್ಯಾನವೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ನೆಂಟಸ್ತಿಕೆ ಇದೆ, ಆದರೆ ಎರಡೂ ಒಂದೇ ಅಲ್ಲ. ಕಣ್ಣು ಮುಚ್ಚಿ ಕುಳಿತೊಡನೆ ಆತಂಕ ನುಗ್ಗಿಬರುವವರು, ಎದೆಬಡಿತವೇ ಕಿವಿಗೆ ಕೇಳಿಸುವವರು ಅನೇಕರಿದ್ದಾರೆ. ಅವರನ್ನು ಬಲವಂತದಿಂದ ಕೂರಿಸುವುದಕ್ಕಿಂತ, ಕಣ್ಣು ತೆರೆದು ಹೊರಗಿನ ಒಂದು ಜೀವಿಯನ್ನು ನೋಡಲು ಹಚ್ಚುವುದು ಮೇಲು. ಆಧ್ಯಾತ್ಮಿಕ ಎನ್ನಬಹುದಾದ ಅನುಭವ ಬಂದರೆ ಈ ದಾರಿಯಲ್ಲೂ ಬರುತ್ತದೆ, ದೇವರನ್ನು ನಂಬುವವರಿಗೂ ನಂಬದವರಿಗೂ. ಅಮೆರಿಕದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವೃದ್ಧರು ಎಂಟು ವಾರಗಳ ಕಾಲ ವಾರಕ್ಕೊಮ್ಮೆ 15 ನಿಮಿಷ ನಡೆದರು. ಒಂದು ಗುಂಪಿನವರಿಗೆ ಮಾತ್ರ, ದಾರಿಯಲ್ಲಿ ವಿಸ್ಮಯ ಹುಟ್ಟಿಸುವುದನ್ನು ಅರಸುತ್ತ ನಡೆಯಿರಿ ಎಂದು ಹೇಳಲಾಗಿತ್ತು. ಆ ಗುಂಪಿನವರು ತೆಗೆದುಕೊಂಡ ಸೆಲ್ಫಿಗಳಲ್ಲಿ ವಾರಗಳು ಕಳೆದಂತೆ ಅವರ ಆಕೃತಿ ಚಿಕ್ಕದಾಗುತ್ತಾ, ಹಿನ್ನೆಲೆ ದೊಡ್ಡದಾಗುತ್ತಾ ಹೋಯಿತು. ಮುಖದ ನಗು ಮಾತ್ರ ಹಿಗ್ಗಿತು.

ಹೀಗೆ 'ನಾನು' ಕಿರಿದಾಗುವುದಕ್ಕೂ ಖಿನ್ನತೆಯ ಕೀಳರಿಮೆಗೂ ಇರುವ ವ್ಯತ್ಯಾಸವನ್ನು ಚಿಕಿತ್ಸಕರು ಗಮನದಲ್ಲಿಡಬೇಕು. ತಾನು ಯಾರಿಗೂ ಬೇಡದವನು ಎಂದು ಕೊರಗುವವನ ಯೋಚನೆಯ ಕೇಂದ್ರದಲ್ಲಿ ಹಗಲಿರುಳೂ ಇರುವುದು ಅವನೇ. ವಿಸ್ಮಯದಲ್ಲಿ ಆ ಕೇಂದ್ರವೇ ಕೆಲಹೊತ್ತು ಖಾಲಿಯಾಗುತ್ತದೆ. ಒಂಟಿತನದಲ್ಲಿ ಆ ಕೊರಗು ಹೆಚ್ಚಬಹುದಾದ್ದರಿಂದ, ತೀವ್ರ ಖಿನ್ನತೆಯಲ್ಲಿರುವವರನ್ನು ಒಂಟಿಯಾಗಿ ನಿರ್ಜನ ಸ್ಥಳಕ್ಕೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ, ನಿದ್ರೆ, ಹಸಿವು, ಆಸಕ್ತಿ ಕೆಟ್ಟಿದ್ದರೆ ವೈದ್ಯರನ್ನು ಕಾಣಬೇಕು; ಸಾವಿನ ಯೋಚನೆ ಸುಳಿದಿದ್ದರೆ ಅಷ್ಟು ದಿನವೂ ಕಾಯಬಾರದು. ನಡಿಗೆ ಹಿತವಾಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ ತೊಂದರೆಗೆ ಸಿಲುಕುವವರೂ ಇದ್ದಾರೆ.

ಹೊರಗೆ ಹೋಗಲಾಗದವರಿಗೆ ಕಿಟಕಿ ಇದೆ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ಪೈಕಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು. ಪ್ರಬಲವಾದ ನೋವು ನಿವಾರಕಗಳೂ ಅವರಿಗೆ ಕಡಿಮೆ ಬೇಕಾದವು. ಹಾಸಿಗೆ ಹಿಡಿದವರನ್ನು ಆರೈಕೆ ಮಾಡುವವರು ಕೋಣೆಯಲ್ಲಿ ಕಿಟಕಿ ಇದೆಯೆಂದು ಸುಮ್ಮನಾಗದೆ, ರೋಗಿಯ ದಿಂಬಿನ ಎತ್ತರಕ್ಕೆ ತಾವೇ ತಲೆ ತಗ್ಗಿಸಿ ನೋಡಬೇಕು. ಅಲ್ಲಿಂದ ಬಹಳ ಸಲ ಕಾಣುವುದು ಚೌಕಟ್ಟು ಮತ್ತು ಪರದೆ ಮಾತ್ರ; ಮಂಚವನ್ನು ಒಂದೆರಡು ಮೊಳ ಸರಿಸುವುದರಿಂದಲೋ ತಲೆದೆಸೆ ಬದಲಿಸುವುದರಿಂದಲೋ ಇದು ಸರಿಹೋಗುತ್ತದೆ.